ಎರವಲು ತಂದ ಮುಖ

“ಮೂಗು ಬಿಡಿ ತಾಯಿ, ಮೂಗು ಯಾರದ್ದು ಬೇಕಾದ್ರೂ ಹಾಗಿರುತ್ತೆ. ಕಿವಿ ನೋಡಿ, ಕಿವಿ!” ಎಂದು ಚೌಕಟ್ಟಜ್ಜ ಏಣಿಯ ಬುಡದಿಂದ ಕೂಗಿದ.

ತಂಗಿ ಏಣಿಯ ಐದನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಒಂದು ಕೈ ಗೋಡೆಗೆ ಆನಿಸಿ, ಇನ್ನೊಂದು ಕೈಯಲ್ಲಿ ಭೂತಗನ್ನಡಿ ಹಿಡಿದು, ಚಿತ್ರಪಟದ ಶಸ್ತ್ರವೈದ್ಯರ ಎಡಗಿವಿಯ ಹತ್ತಿರ ಮುಖ ಒಯ್ದಳು. ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು. ಮೇಲಿನ ಅಂಚು ಒಳಕ್ಕೆ ಮಡಿಚಿಕೊಂಡಿತ್ತು. ಪಕ್ಕದ ಓದುವ ಕೋಣೆಯಲ್ಲಿ ಕಾಲು ಕುಣಿಸುತ್ತ ಕೂತಿದ್ದ, ವೈದ್ಯರ ವಾರಸುದಾರ ತಾನೆಂದು ಬಂದವನ ಕಿವಿಯೂ ಥೇಟ್ ಹೀಗೇ ಇತ್ತು. ಬೆಳಿಗ್ಗೆ ಬಂದವಳು ಮೊದಲು ನೋಡಿದ್ದೇ ಅದನ್ನು.

“ಅವನದ್ದೂ ಹೀಗೇ ಇದೆಯಲ್ಲ ಅಜ್ಜ. ಅಂದ್ರೆ ಅವನು ವೈದ್ಯರ ವಂಶದವನೇ ಅಂತಾಯ್ತು.”

“ಇಳೀರಿ ಕೆಳಗೆ. ಮೇಲೆ ನಿಂತವರಿಗೆ ಹೇಳೋ ಮಾತಲ್ಲ ಇದು.”

ಅಕ್ಕ ಕಾಣೆಯಾಗಿ ಇಪ್ಪತ್ತೊಂಬತ್ತು ಗಂಟೆಯಾಗಿತ್ತು. ನಿನ್ನೆ ಬೆಳಿಗ್ಗೆ ಏಳಕ್ಕೆ ಇನ್ಸುಲಿನ್ ಚುಚ್ಚಿಸಿಕೊಂಡು, ‘ಸಂಜೆ ಬೇಗ ಬರ್ತೀನಿ’ ಎಂದು ಹೊರಟವಳು ತಾನು ಕೆಲಸ ಮಾಡುವ ಈ ಭವನದ ಬಾಗಿಲು ತೆರೆದದ್ದನ್ನು ಕಂಡವರಿದ್ದರು, ಹೊರಗೆ ಹೋದದ್ದನ್ನು ಕಂಡವರಿರಲಿಲ್ಲ. ನಿನ್ನೆ ರಾತ್ರಿಯ ಚುಚ್ಚುಮದ್ದು ತಪ್ಪಿತ್ತು, ಇವತ್ತು ಬೆಳಗಿನದೂ ತಪ್ಪಿತ್ತು. ‘ಎರಡು ತಪ್ಪಿದ್ರೆ ತಲೆ ಸುತ್ತುತ್ತೆ, ಮೂರು ತಪ್ಪಿದ್ರೆ ಆಸ್ಪತ್ರೆ, ಆಮೇಲಿನದ್ದು ನನ್ನ ಕೇಳಬೇಡಿ’ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಮೂರನೆಯದು ಇವತ್ತು ಸಂಜೆ ಏಳಕ್ಕೆ. ಮದ್ದಿನ ಪೆಟ್ಟಿಗೆಯನ್ನು ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿಟ್ಟು ತಂಗಿ ಚೀಲದಲ್ಲಿ ಹೊತ್ತು ತಿರುಗುತ್ತಿದ್ದಳು. ಅಕ್ಕ ಸಿಕ್ಕಿದಲ್ಲೇ ಚುಚ್ಚಬೇಕು, ಮನೆಗೆ ಓಡುವಷ್ಟು ಪುರಸೊತ್ತಿಲ್ಲ.

ಪೊಲೀಸರು ಏನೂ ಮಾಡುತ್ತಿರಲಿಲ್ಲ. ‘ಅರವತ್ತೊಂದು ವರ್ಷದ ಹೆಂಗಸು, ಬುದ್ಧಿ ನೆಟ್ಟಗಿದೆ, ಎಲ್ಲೋ ಹೋಗಿರ್ತಾರೆ, ನಾಳೆ ಬನ್ನಿ’ ಎಂದಿದ್ದ ಇನ್ಸ್‌ಪೆಕ್ಟರು. ಇಪ್ಪತ್ತೆರಡು ವರ್ಷ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದನ್ನೇ ಕಸುಬು ಮಾಡಿಕೊಂಡವಳಿಗೆ, ಸತ್ತೆನೆಂದು ಬರೆಸಿ ಪಕ್ಕದೂರಲ್ಲಿ ಬದುಕಿದ್ದವರನ್ನು ಎಳೆದು ತಂದವಳಿಗೆ, ಒಡಹುಟ್ಟಿದವಳು ಎಲ್ಲಿದ್ದಾಳೆಂದು ಗೊತ್ತಿರಲಿಲ್ಲ.

ಅವಳು ಇಳಿದು ಬಂದಳು. ಸಭಾಂಗಣದ ಉದ್ದಕ್ಕೂ ಏಳು ಚಿತ್ರಪಟಗಳು. ಏಳು ಜನಕ್ಕೂ ಒಂದೇ ಮನೆತನದ ಹೆಸರು. ಮಂಜಿನಲ್ಲಿ ದಾರಿ ತಪ್ಪಿ ಶತ್ರುವಿನ ಬಂದರಿಗೇ ಹಡಗು ನಡೆಸಿ, ಗಾಬರಿಯಲ್ಲಿ ಅದನ್ನು ಗೆದ್ದೂಬಿಟ್ಟ ನೌಕಾಧಿಪತಿ. ಧೂಮಕೇತು ಮರಳಿ ಬರುವ ದಿನವನ್ನು ಲೆಕ್ಕ ಹಾಕಿ, ಅದು ಬರುವುದಕ್ಕೆ ಒಂದು ವಾರ ಮುಂಚೆ ತೀರಿಕೊಂಡ ಗಣಿತಜ್ಞೆ. ಗಲ್ಲಿಗೇರುವಾಗ ಹಗ್ಗ ಸಡಿಲವಾಗಿದೆಯೆಂದು ತಾನೇ ತೋರಿಸಿಕೊಟ್ಟ ದಂಗೆಕೋರ. ಕನ್ನಡಕದ ಗಾಜು ಉಜ್ಜುತ್ತ ಕುರುಡನಾದವನು. ಒಂದು ವಿಷದ ಕಳೆಗೆ ತನ್ನ ಹೆಸರು ಬಿಟ್ಟುಹೋದ ಸಸ್ಯವಿಜ್ಞಾನಿ. ಒಬ್ಬ ಮುಷ್ಟಿಮಲ್ಲ. ಮತ್ತೆ ಈ ಶಸ್ತ್ರವೈದ್ಯ, ಈ ಮನೆಯ ಮೂಲ ಒಡೆಯ. ಒಬ್ಬರಿಗೊಬ್ಬರು ನೆಂಟರಲ್ಲ, ಒಬ್ಬರ ಮುಖ ಇನ್ನೊಬ್ಬರು ಕಂಡವರೂ ಅಲ್ಲ. ಹೆಸರೊಂದೇ ನಂಟು.

ಭವನದ ಸಂಘಕ್ಕೂ ಅದೇ ಹೆಸರಿನವರಷ್ಟೇ ಸದಸ್ಯರು. ಎಲ್ಲರದ್ದೂ ಒಂದೇ ಆದಮೇಲೆ ಯಾರನ್ನು ಏನೆಂದು ಕರೆಯುವುದು? ಹಾಗಾಗಿ ಇಲ್ಲಿ ಹೆಸರು ಹಿಡಿದು ಕೂಗುವ ರೂಢಿಯೇ ಇರಲಿಲ್ಲ. ದಾಖಲೆ ನೋಡಿಕೊಳ್ಳುವವಳು ದಾಖಲೆಯಕ್ಕ, ಚಿತ್ರಗಳಿಗೆ ಚೌಕಟ್ಟು ಹಾಕುವವನು ಚೌಕಟ್ಟಜ್ಜ, ಅವಳಿಗೆ ಊಟದ ಡಬ್ಬಿ ತಲುಪಿಸಲು ಬರುವವಳು ತಂಗಿ. ಐವತ್ತೊಂದು ವಯಸ್ಸಾದರೂ ಎಂಬತ್ತರ ಚೌಕಟ್ಟಜ್ಜನಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಅವಳು ತಂಗಿಯೇ.

ಅಜ್ಜ ಅವಳನ್ನು ಬೆಂಚಿನ ಮೇಲೆ ಕೂರಿಸಿದ. ವಾರ್ನಿಷಿನ ಘಮ ಹೊಡೆಯುವ ಬೆರಳಿನಿಂದ ಚಿತ್ರಪಟ ತೋರಿಸಿದ.

“ವೈದ್ಯರು ತೀರಿಕೊಂಡು ಎರಡು ನೂರ ಮೂವತ್ತು ವರ್ಷ. ಬದುಕಿದ್ದಾಗ ಅವರದ್ದೊಂದು ಚಿತ್ರ ಬರೆದವರಿಲ್ಲ. ಕುಯ್ಯೋ ಕೆಲಸದವನ ಮುಖ ಯಾರಿಗೆ ಬೇಕಿತ್ತು ಹೇಳಿ?”

“ಮತ್ತೆ ಇದು?”

“ಎರವಲು.”

“ಅಂದ್ರೆ?”

“ಏಳರಲ್ಲಿ ಮೂರು ಜನಕ್ಕೆ ಮುಖ ಇರಲಿಲ್ಲ. ಖಾಲಿ ಚೌಕಟ್ಟು ತೂಗಿಹಾಕೋದಕ್ಕಾಗುತ್ತಾ? ಸಂಘದ ಹಿರಿಯರು ಕೂತು ಒಂದು ನೇಮ ಮಾಡಿದ್ರು. ಹೆಸರು ನಮ್ಮದೇ, ಹಾಗಾದ್ರೆ ಮುಖವೂ ನಮ್ಮಲ್ಲೇ ಒಬ್ಬರದ್ದಾಗಲಿ ಅಂತ. ಸದಸ್ಯರ ಹೆಸರು ಚೀಟಿ ಎತ್ತಿದ್ರು. ಚೀಟಿ ಬಂದವನು ಪೇಟ, ಅಂಗಿ ಹಾಕ್ಕೊಂಡು ಚಿತ್ರ ಬರೆಯೋ ನಮ್ಮ ಮೇಷ್ಟ್ರ ಮುಂದೆ ಕೂತ. ಯಾರ ಮುಖ ಯಾರಿಗೆ ಹೋಯ್ತು ಅಂತ ಒಂದು ವಹಿಯಲ್ಲಿ ಬರೆದಿಟ್ರು. ಆ ವಹಿ ದಾಖಲೆ ನೋಡ್ಕೊಳ್ಳೋರ ಕೈಲಿ ಮಾತ್ರ. ಆಮೇಲೆ ನೋಡಿ, ಚಿತ್ರ ಪಾಠಪುಸ್ತಕದಲ್ಲಿ ಬಂತು, ಆಸ್ಪತ್ರೆ ಗೋಡೆ ಮೇಲೆ ಬಂತು. ಈಗ ಇದು ವೈದ್ಯರ ಮುಖ ಅಲ್ಲ ಅಂದ್ರೆ ನನ್ನೇ ಹುಚ್ಚಾಸ್ಪತ್ರೆಗೆ ಸೇರಿಸ್ತಾರೆ.”

ತಂಗಿ ತಟ್ಟನೆ ಮೇಜಿನ ಕಡೆ ತಿರುಗಿದಳು. ಬೆಳಿಗ್ಗೆ ಅಕ್ಕನ ಮೇಜು ಶೋಧಿಸಿದಾಗ ಎಡಗಡೆಯ ಕೆಳಗಿನ ಸೆಳೆಖಾನೆ ಖಾಲಿ ಇತ್ತು. ಒಳಗೆ ಧೂಳಿನ ನಡುವೆ, ಒಂದು ಉದ್ದನೆಯ ವಹಿ ಎಷ್ಟೋ ವರ್ಷ ಮಲಗಿದ್ದಷ್ಟು ಜಾಗ ಮಾತ್ರ ಚೊಕ್ಕಟವಾಗಿತ್ತು.

ವೈದ್ಯರ ಉಯಿಲು ಇಲ್ಲಿ ಎಲ್ಲರಿಗೂ ಬಾಯಿಪಾಠ: ನನ್ನ ಸಂತತಿಯವರು ಬರುವವರೆಗೆ ಈ ಮನೆ ನನ್ನ ಹೆಸರು ಹೊತ್ತವರ ಕಾವಲಿನಲ್ಲಿರಲಿ. ಅಧ್ಯಕ್ಷರು, ಅಂದರೆ ಗೇಟಿನ ಕಮಾನಿನಾಚೆ ದವಾಖಾನೆ ಇಟ್ಟಿರುವ ಹಲ್ಲಿನ ಡಾಕ್ಟರು, ಸಂತತಿಯೇ ಇಲ್ಲವೆಂದು ತೀರ್ಮಾನಿಸಿ ಕಟ್ಟಡವನ್ನು ಹೋಟೆಲಿನವರಿಗೆ ಕೊಡಲು ಹೊರಟಿದ್ದರು. ಮೂರು ತಿಂಗಳ ಹಿಂದೆ ಬಸ್ ಡ್ರೈವರನಾದ ಈ ವಾರಸುದಾರ ಒಂದು ಫೈಲು ಹಿಡಿದು ಬಂದ. ಮುಖ ನೋಡಿ ಸಭೆ ಬಾಯಿ ಬಿಟ್ಟಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದರು ಎಲ್ಲರೂ. ಇವತ್ತು ನಾಲ್ಕು ಗಂಟೆಗೆ ಅವನು ವಾರಸುದಾರ ಹೌದೋ ಅಲ್ಲವೋ ಎಂದು ಮತ ಹಾಕುವುದಿತ್ತು.

“ಹಾಗಾದ್ರೆ ಅವನಿಗೆ ಹೋಲಿಕೆ ಇರೋದು ವೈದ್ಯರದ್ದಲ್ಲ,” ಎಂದು ತಂಗಿ ನಿಧಾನವಾಗಿ ಹೇಳಿದಳು. “ಮುಖ ಕೊಟ್ಟವನದ್ದು. ಯಾರಜ್ಜ ಅದು?”

“ಬೀಗದಣ್ಣ.”

ತಂಗಿ ಭೂತಗನ್ನಡಿಯನ್ನು ಬೆಂಚಿನ ಮೇಲಿಟ್ಟಳು.

“ಬೀಗ ರಿಪೇರಿ ಮಾಡ್ತಿದ್ದ. ನಾನಾಗ ಮೇಷ್ಟ್ರ ಹತ್ರ ಬಣ್ಣ ಅರೀತಿದ್ದೆ. ಕೂತಲ್ಲಿ ಕೂರೋನಲ್ಲ, ಸಿಳ್ಳೆ ಹಾಕೋನು, ನಗೋನು, ಮೇಷ್ಟ್ರ ಕೈಲಿ ಬೈಸ್ಕೊಳ್ಳೋನು. ಮಧ್ಯಾಹ್ನ ದೊಡ್ಡ ಮಗಳು ಡಬ್ಬಿ ತರ್ತಿದ್ಲು, ಚಿಕ್ಕದನ್ನ ಕೈಹಿಡಿದು ನಡೆಸ್ಕೊಂಡು. ಚಿಕ್ಕದು ಬಣ್ಣದ ಬಟ್ಟಲಿಗೆ ಕೈ ಹಾಕ್ತು ಒಂದು ಸಲ…” ಅಜ್ಜ ಅವಳ ಮುಖ ನೋಡಿ ನಿಲ್ಲಿಸಿದ. “ಯಾಕೆ ತಾಯಿ? ನಿಮಗೆ ಗೊತ್ತೇ ಇದೆ ಅಂದ್ಕೊಂಡಿದ್ನಲ್ಲ ನಾನು! ಆ ದೊಡ್ಡ ಮಗಳೇ ಅಲ್ವೇ ನಮ್ಮ ದಾಖಲೆಯಕ್ಕ?”

ಅಪ್ಪ ಮನೆ ಬಿಟ್ಟು ಹೋದಾಗ ಅವಳಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅಮ್ಮ ಅವನಿದ್ದ ಒಂದೊಂದು ಫೋಟೋವನ್ನೂ ಕತ್ತರಿಯಿಂದ ಚೂರು ಮಾಡಿ ಒಲೆಗೆ ಹಾಕಿದ್ದಳು. ಅಪ್ಪನ ಮುಖ ಹೇಗಿತ್ತೆಂದು ತಂಗಿ ಕೇಳಿದಾಗಲೆಲ್ಲ ಅಕ್ಕ, ‘ಮುಖದ ಥರಾನೇ ಇತ್ತು, ಹೋಗು’ ಎಂದು ಗದರುತ್ತಿದ್ದಳು. ಹಾಗೆ ಗದರಿ, ಮರುದಿನ ಬೆಳಿಗ್ಗೆ ಬಂದು ಈ ಮುಖದ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಿದ್ದಳು. ಹೀಗೇ ಮೂವತ್ತೆಂಟು ವರ್ಷ. ಎರಡು ಒಳ್ಳೆಯ ಕೆಲಸ ಬಂದಾಗಲೂ ಬಿಡಲಿಲ್ಲ. ತಂಗಿ ಅದನ್ನು ಅಕ್ಕನ ಸೋಮಾರಿತನ ಎಂದುಕೊಂಡಿದ್ದಳು.

ಅಳು ಬಂತು. ಆದರೆ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು, ಅಳುವುದನ್ನು ಆಮೇಲೆ ಇಟ್ಟುಕೊಂಡಳು.

ಕಸುಬಿನ ಬುದ್ಧಿ ತಾನಾಗಿ ಓಡಿತು. ವಹಿಯಲ್ಲಿ ಬೀಗದಣ್ಣನ ಹೆಸರಿದೆ. ಅಕ್ಕ ಅದನ್ನು ಸಭೆಯ ಮುಂದಿಟ್ಟರೆ ವಾರಸುದಾರನ ಕಥೆ ಮುಗಿಯಿತು. ಅಕ್ಕ ಅವನಿಗೆ ಹೇಳಿರಬೇಕು, ‘ನೀನು ಸುಳ್ಳ’ ಎಂದು. ಅವನು ಆರಡಿ ಆಳು, ಅಕ್ಕ ಒಂದು ಹಿಡಿ. ತಂಗಿ ಚೀಲ ಎತ್ತಿಕೊಂಡು ನೆಟ್ಟಗೆ ಓದುವ ಕೋಣೆಗೆ ನುಗ್ಗಿದಳು.

ವಾರಸುದಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸ್ಟೀರಿಂಗ್ ಹಿಡಿದು ದಪ್ಪವಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದ.

“ಏನಾದ್ರೂ ಗೊತ್ತಾಯ್ತಾ ಮೇಡಂ?”

“ಕೂತ್ಕೊ. ನನ್ನ ಅಕ್ಕ ಎಲ್ಲಿ?”

“ನನಗೇನು ಗೊತ್ತು?”

“ನೀನು ವೈದ್ಯರ ವಂಶದವನಲ್ಲ.”

ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರಲ್ಲ, ಅವನ ಕಣ್ಣು ಮೇಜಿನ ಮೇಲಿನ ಫೈಲಿಗೆ ಹೋಗಿ ಬಂತು. ತಂಗಿ ಅದನ್ನು ಎಳೆದುಕೊಂಡಳು.

“ಇದು ಎಲ್ಲಿ ಸಿಕ್ತು?”

“ಅಮ್ಮನ ಪೆಟ್ಟಿಗೇಲಿ. ಅವಳು ಹೋದ್ಮೇಲೆ.”

“ಯಾವ ಪೆಟ್ಟಿಗೆ?”

“ತಗಡಿನದ್ದು. ಮಂಚದ ಕೆಳಗಿತ್ತು.”

“ಪೆಟ್ಟಿಗೇಲಿ ಮತ್ತೇನಿತ್ತು?”

“ಸೀರೆ… ಮತ್ತೆ… ಸೀರೆ.”

ಸುಳ್ಳು ಹೇಳುವುದರಲ್ಲಿ ಇಷ್ಟು ದಡ್ಡನನ್ನು ಅವಳು ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಅದೇ ಅವಳಿಗೆ ಸಮಸ್ಯೆಯಾಯಿತು. ಕಾಗದಗಳು ಮಾತ್ರ ಬಲು ಜಾಣತನದವು. ಜನನದ ನಕಲು, ಮದುವೆಯ ನಕಲು, ವೈದ್ಯರ ಮೊಮ್ಮಗಳು ಬರೆದ ಒಂದು ಪತ್ರ. ಹಳೆಯ ವಹಿಗಳ ಖಾಲಿ ಹಾಳೆ, ಕಂದುಬಣ್ಣಕ್ಕೆ ತಿರುಗಿದ ಶಾಯಿ, ಎಲ್ಲ ಹದವಾಗಿ. ಇಷ್ಟು ಹಳೆಯ ಕಾಗದ, ಇಷ್ಟು ತಾಳ್ಮೆ ಈ ಡ್ರೈವರಿಗೆ ಎಲ್ಲಿಂದ ಬರಬೇಕು?

ಅವಳು ಫೈಲಿನ ಎಡಮೂಲೆ ತಿರುವಿದಳು. ಕಾಗದಗಳನ್ನು ಪಿನ್ನು ಚುಚ್ಚದೆ ಬಿಳಿ ದಾರದಿಂದ ಹೊಲಿದಿದ್ದರು. ದಾರಕ್ಕೆ ಮೂರು ಸುತ್ತು, ಆಮೇಲೆ ಸೂಜಿ ಹಿಂದಕ್ಕೆ ತಂದು ಸುತ್ತಿನ ಅಡಿಯಲ್ಲಿ ತೂರಿಸಿ ಎಳೆದ ಗಂಟು. ಎಳೆದಷ್ಟೂ ಬಿಗಿಯುವ ಗಂಟು. ಅಮ್ಮ ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದಳು, ಬೇಗ ಆಗಲೆಂದು ತಾನೇ ಹುಡುಕಿಕೊಂಡ ಗಂಟು ಅದು. ಇಬ್ಬರು ಮಕ್ಕಳಿಗೂ ಕಲಿಸಿದ್ದಳು. ಅಮ್ಮ ಸತ್ತ ಮೇಲೆ ಲೋಕದಲ್ಲಿ ಅದನ್ನು ಹಾಕುವವರು ಇಬ್ಬರೇ.

ತಂಗಿ ಅದನ್ನು ಉಗುರಿನಿಂದ ಮುಟ್ಟಿದಳು. ಬೇರೆ ಯಾರಾದರೂ ಕಲಿತಿರಬಹುದು ಎಂದುಕೊಂಡಳು. ಇಂಥ ಮಾತನ್ನು ಕ್ಲೇಮಿನವರು ಹೇಳಿದಾಗ ಅವಳು ನಕ್ಕಿದ್ದುಂಟು.

“ಇದನ್ನ ಮಾಡಿದ್ದು ಅಕ್ಕ,” ಎಂದಳು.

ಡ್ರೈವರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ಹೇಳಬೇಡ ಅಂದಿದ್ರು. ನಿಮಗಂತೂ ಹೇಳಲೇಬೇಡ ಅಂದಿದ್ರು.”

“ನನಗೆ ಯಾಕೆ ಬೇಡ?”

“‘ನನ್ನ ತಂಗಿ ಸುಳ್ಳು ಕ್ಲೇಮು ಒಂದನ್ನೂ ಬಿಟ್ಟವಳಲ್ಲ, ನನ್ನದನ್ನೂ ಬಿಡಲ್ಲ’ ಅಂದ್ರು.”

ಈ ಮಾತು ತಂಗಿಗೆ ಚುಚ್ಚಿತು. ಅದು ನಿಜವಾಗಿದ್ದರಿಂದ ಇನ್ನಷ್ಟು ಚುಚ್ಚಿತು.

ಅವನು ಒಂದೊಂದಾಗಿ ಹೇಳಿದ. ಮೂರು ತಿಂಗಳ ಹಿಂದೆ ಪ್ರವಾಸದವರನ್ನು ಇಳಿಸಿ, ಮೂತ್ರಕ್ಕೆ ಜಾಗ ಕೇಳಲು ಭವನದೊಳಗೆ ಬಂದಿದ್ದ. ವಂಶವೃಕ್ಷ ಹುಡುಕಿ ಬಂದವನಲ್ಲ, ಶೌಚಾಲಯ ಹುಡುಕಿ ಬಂದವನು. ಬಾಗಿಲಲ್ಲಿ ಅವನನ್ನು ಕಂಡು ಅಕ್ಕನ ಕೈಯಿಂದ ಚಹದ ಲೋಟ ಬಿತ್ತು. ನಿನ್ನ ಅಪ್ಪ ಏನು ಮಾಡುತ್ತಿದ್ದ ಎಂದು ಕೇಳಿದಳು. ಬೀಗ ರಿಪೇರಿ ಎಂದ. ಅವಳು ಬಾಗಿಲು ಹಾಕಿಕೊಂಡು ಬಂದು ಅವನ ಕೆನ್ನೆ ಹಿಡಿದುಕೊಂಡು ನಿಂತುಬಿಟ್ಟಳು.

“ನಾನು ಮನೆ ಬೇಕು ಅಂತ ಕೇಳಲಿಲ್ಲ ಮೇಡಂ. ಅವರೇ ಅಂದ್ರು. ‘ಈ ಡಾಕ್ಟರು ಹೋಟೆಲಿಗೆ ಕೊಟ್ರೆ ಈ ಚಿತ್ರಗಳನ್ನೆಲ್ಲ ಗೋದಾಮಿಗೆ ಹಾಕ್ತಾರೆ. ವಾರಸುದಾರ ಒಬ್ಬ ಬಂದ್ರೆ ಯಾರೂ ಮುಟ್ಟೋ ಹಾಗಿಲ್ಲ. ಅಪ್ಪ ನಿನಗೂ ಏನೂ ಬಿಟ್ಟು ಹೋಗ್ಲಿಲ್ಲ, ನಮಗೂ ಬಿಟ್ಟು ಹೋಗ್ಲಿಲ್ಲ. ಮುಖ ಒಂದು ಬಿಟ್ಟಿದ್ದಾನೆ, ಅದಾದ್ರೂ ಉಪಯೋಗಕ್ಕೆ ಬರಲಿ’ ಅಂದ್ರು.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಒಂದು ತಾರೀಖು ತಪ್ಪಿದರೆ ರಾತ್ರಿಯೆಲ್ಲ ನಿದ್ದೆ ಮಾಡದ ಅಕ್ಕ, ಅಪ್ಪನ ಮುಖದ ಕೆಳಗೆ ಕೂತು ಖೋಟಾ ಅಜ್ಜಿ, ಮುತ್ತಜ್ಜಿಯರನ್ನು ಹುಟ್ಟಿಸಿದ್ದಳು. ತಂಗಿಗೆ ಕೋಪವೂ ಬಂತು, ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚೂ ಬಂತು. ಮೂರು ತಿಂಗಳು ಅಕ್ಕ ಒಬ್ಬಳೇ ಒಬ್ಬ ತಮ್ಮನನ್ನು ಇಟ್ಟುಕೊಂಡಿದ್ದಳು.

“ಈಗ ಎಲ್ಲಿದ್ದಾಳೆ? ನಿಜ ಹೇಳು.”

“ನಿಜವಾಗ್ಲೂ ಗೊತ್ತಿಲ್ಲ. ನಿನ್ನೆ ಹತ್ತಕ್ಕೆ ಫೋನ್ ಮಾಡಿದ್ರು. ‘ಇವತ್ತು ಒಬ್ಬರನ್ನ ನೋಡೋದಿದೆ, ಆಮೇಲೆ ನಿನಗೊಂದು ಆಶ್ಚರ್ಯ ಇದೆ’ ಅಂದ್ರು. ದನಿ ಚಿಕ್ಕ ಹುಡುಗಿ ಥರ ಇತ್ತು. ಅಷ್ಟೇ. ನಾನು ನಿನ್ನೆ ಹಗಲೆಲ್ಲ ಬಸ್ಸಿನ ಮೇಲಿದ್ದೆ, ಡಿಪೋದಲ್ಲಿ ಕೇಳಿ ಬೇಕಾದ್ರೆ.”

“ಅವಳಿಗೆ ಮದ್ದು ತಪ್ಪಿದೆ. ಗೊತ್ತಾ ನಿನಗೆ?”

“ಗೊತ್ತು. ರಾತ್ರಿಯಿಡೀ ಆಸ್ಪತ್ರೆಗಳನ್ನ ಸುತ್ತಿದೀನಿ.” ಅವನ ಕಣ್ಣುಗಳು ಕೆಂಪಾಗಿದ್ದವು. ಅದನ್ನು ಅವಳು ಬೆಳಿಗ್ಗೆ ಕುಡಿತ ಎಂದು ಬರೆದುಕೊಂಡಿದ್ದಳು.

ಅಪ್ಪನ ಬಗ್ಗೆ ಒಂದು ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂತು. ಬಾಗಿಲು ತೆರೆದುಕೊಂಡಿದ್ದರಿಂದ ನುಂಗಿಕೊಂಡಳು.

ಅಧ್ಯಕ್ಷರು ಮುಂದೆ, ಇನ್ಸ್‌ಪೆಕ್ಟರು ಹಿಂದೆ. ಅಧ್ಯಕ್ಷರು ಜನರ ಮುಖ ನೋಡಿ ಮಾತಾಡುತ್ತಿರಲಿಲ್ಲ, ಹಲ್ಲು ನೋಡಿ ಮಾತಾಡುತ್ತಿದ್ದರು.

“ನೋಡಿ ಇನ್ಸ್‌ಪೆಕ್ಟರೇ, ಇವನೇ. ದಾಖಲೆಯಕ್ಕನ ಮೇಜಿನಿಂದ ಮುಖದ ವಹಿ ಮಾಯ. ದಾಖಲೆಯಕ್ಕನೂ ಮಾಯ. ಲಾಭ ಯಾರಿಗೆ? ಈ ಫೈಲು ಶುದ್ಧ ಖೋಟಾ. ನಾನು ಹೇಳಿದ್ರೆ ಹೋಟೆಲಿನ ಆಸೆಗೆ ಹೇಳ್ತಾನೆ ಅಂತಾರೆ. ತಂಗಿ ಹೇಳಲಿ. ಇಂಥದ್ದು ನೂರು ಹಿಡಿದವರು.”

ಇನ್ಸ್‌ಪೆಕ್ಟರು ಫೈಲು ನೋಡಿದ, ತಂಗಿಯನ್ನು ನೋಡಿದ.

“ನಿನ್ನೆಯಿಂದ ನನ್ನ ಪ್ರಾಣ ತಿಂತಿದ್ದೀರಲ್ಲ ಮೇಡಂ, ಈಗ ಕೇಳಿ. ಇದು ಖೋಟಾ ಆದ್ರೆ ನನ್ನ ಕೈಲಿ ಒಂದು ಅಪರಾಧ ಇದೆ. ಈ ಕ್ಷಣದಿಂದ ಊರೆಲ್ಲ ಜಾಲಾಡಿಸ್ತೀನಿ. ಅಸಲಿ ಆದ್ರೆ, ಒಬ್ಬ ಹೆಂಗಸು ಮನೆಗೆ ಬಂದಿಲ್ಲ ಅಷ್ಟೇ. ನಾಳೆವರೆಗೆ ನನ್ನ ಕೈ ಕಟ್ಟಿದೆ.”

ನಾಳೆಯವರೆಗೆ ಅಕ್ಕ ಉಳಿಯುವುದಿಲ್ಲ. ಇದಕ್ಕೆ ಲೆಕ್ಕ ಹಾಕುವುದೇನೂ ಬೇಕಿರಲಿಲ್ಲ.

“ಖೋಟಾ,” ಎಂದಳು.

ಅಧ್ಯಕ್ಷರು ಮೇಜು ತಟ್ಟಿದರು. “ಹೇಳಲಿಲ್ವಾ ನಾನು!”

“ಯಾರು ಮಾಡಿದ್ದು?” ಎಂದ ಇನ್ಸ್‌ಪೆಕ್ಟರು.

ತಂಗಿ ಬಾಯಿ ತೆರೆಯುವುದರೊಳಗೆ ಡ್ರೈವರ್ ಎದ್ದು ನಿಂತಿದ್ದ. “ನಾನೇ ಸಾರ್. ನಾನೊಬ್ಬನೇ.”

“ಹಾಗೋ! ಆಕೆಯನ್ನ ಎಲ್ಲಿಟ್ಟಿದ್ದೀಯ?”

ಅವನಿಗೆ ಗೊತ್ತಿದ್ದರಲ್ಲವೇ ಹೇಳುವುದು.

“ಹೇಳಲ್ವಾ? ಸರಿ, ಸ್ಟೇಷನ್ನಿಗೆ ನಡಿ. ರಾತ್ರಿ ಹತ್ತಾಗಲಿ, ಹನ್ನೆರಡಾಗಲಿ, ನಿನ್ನ ಬಾಯಿಂದಲೇ ಬರ್ಬೇಕು.” ಇನ್ಸ್‌ಪೆಕ್ಟರು ಬೇಡಿ ತೆಗೆದ. ಹುಡುಕುವ ಕೆಲಸ ಮುಗಿಯಿತೆಂಬ ಸಮಾಧಾನ ಆಗಲೇ ಅವನ ಮುಖದಲ್ಲಿ ಕಾಣುತ್ತಿತ್ತು. ಕಳ್ಳ ಸಿಕ್ಕಮೇಲೆ ಊರು ಜಾಲಾಡುವುದು ಯಾಕೆ?

ಡ್ರೈವರ್ ಕೈ ಮುಂದೆ ಚಾಚಿದ. ತಿರುಗಿ ತಂಗಿಯನ್ನು ನೋಡಿ, “ಚಿಂತೆ ಮಾಡಬೇಡ ಚಿಕ್ಕಕ್ಕ. ದೊಡ್ಡಕ್ಕನ ಹೆಸರು ಎಲ್ಲೂ ಬರಲ್ಲ,” ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದ.

ಐವತ್ತೊಂದು ವರ್ಷದಲ್ಲಿ ಅವಳನ್ನು ಯಾರೂ ಅಕ್ಕ ಎಂದಿರಲಿಲ್ಲ. ಈ ಪೆದ್ದ ದೊಡ್ಡಕ್ಕನ ಮಾನ ಉಳಿಸಲು ಅವಳ ಜೀವವನ್ನೇ ಸಂಜೆ ಏಳಕ್ಕೆ ಕೊಟ್ಟುಬಿಡುತ್ತಿದ್ದಾನೆ, ಅದು ಅವನಿಗೆ ತಿಳಿಯುತ್ತಲೂ ಇಲ್ಲ.

“ನಿಲ್ಲಿ,” ಎಂದಳು. “ಅವನು ಸುಳ್ಳು ಹೇಳ್ತಿದ್ದಾನೆ. ಅವನಿಗೆ ಒಂದು ಅರ್ಜಿ ನೆಟ್ಟಗೆ ಬರೆಯೋಕೆ ಬರಲ್ಲ. ಈ ಕಾಗದ ಈ ಭವನದ ಹಳೇ ವಹಿಗಳದ್ದು, ಬೇಕಾದ್ರೆ ಹರಿದ ಜಾಗಕ್ಕೆ ಹೊಂದಿಸಿ ನೋಡಿ. ಈ ದಾರದ ಗಂಟು ನೋಡಿ. ಇದು ನಮ್ಮ ಮನೆಯ ಗಂಟು.” ಅವಳು ಫೈಲಿನಲ್ಲಿ ನೇತಾಡುತ್ತಿದ್ದ ದಾರದ ತುದಿ ಹಿಡಿದು, ಮೂರು ಸುತ್ತು ಸುತ್ತಿ, ಅಡಿಯಿಂದ ತೂರಿಸಿ ಎಳೆದು, ಇನ್ನೊಂದು ಅಂಥದ್ದೇ ಗಂಟು ಹಾಕಿ ತೋರಿಸಿದಳು. ಗಂಟು ಸರಿಯಾಗಿಯೇ ಬಿತ್ತು. “ಖೋಟಾ ಮಾಡಿದ್ದು ನನ್ನ ಅಕ್ಕ. ಈ ಸಂಘದ ದಾಖಲೆಗಾರ್ತಿ. ಸರ್ಕಾರಿ ಮುದ್ರೆಯನ್ನೂ ಅನುಕರಿಸಿದ್ದಾಳೆ. ವಹಿ ಕದ್ದಿದ್ದಾಳೆ. ತಲೆಮರೆಸಿಕೊಂಡಿದ್ದಾಳೆ. ಬರ್ಕೊಳ್ಳಿ.”

ಅಧ್ಯಕ್ಷರು ಮೊದಲ ಸಲ ಯಾರ ಹಲ್ಲನ್ನೂ ನೋಡದೆ ಅವಳ ಕಣ್ಣು ನೋಡಿದರು.

“ನಿಮ್ಮ ಅಕ್ಕ ಅಂತ ಗೊತ್ತಿದ್ದೂ ಹೇಳ್ತಿದ್ದೀರಾ?” ಎಂದ ಇನ್ಸ್‌ಪೆಕ್ಟರು.

“ಹೌದು. ಬಸ್‌ಸ್ಟ್ಯಾಂಡು, ರೈಲು, ಲಾಡ್ಜು, ಆಸ್ಪತ್ರೆ, ಎಲ್ಲ ಕಡೆ ತಿಳಿಸಿ. ಅರವತ್ತೊಂದು ವರ್ಷ, ಕುಳ್ಳಗೆ, ಬೂದು ಶಾಲು, ಬಲಗಾಲು ಸ್ವಲ್ಪ ಎಳೆದು ನಡೀತಾಳೆ. ಸಕ್ಕರೆ ಕಾಯಿಲೆ. ಸಿಕ್ಕಿದ್ರೆ ಮೊದಲು ಆಸ್ಪತ್ರೆ, ಆಮೇಲೆ ಬೇಡಿ. ಅದನ್ನೂ ಬರ್ಕೊಳ್ಳಿ.”

ಇನ್ಸ್‌ಪೆಕ್ಟರು ಬೇಡಿ ಕೆಳಗಿಟ್ಟು ಫೋನು ಎತ್ತಿಕೊಂಡು ಕಿಟಕಿಗೆ ಹೋದ. ಖೋಟಾ ದಾಖಲೆ, ಆರೋಪಿ ಪರಾರಿ, ಹೆಂಗಸು ಎಂಬ ಮಾತುಗಳು ಒಂದೊಂದಾಗಿ ಕೇಳಿದವು. ಒಂದೊಂದಕ್ಕೂ ತಂಗಿ ಹಲ್ಲು ಕಚ್ಚಿದಳು.

“ಕೊಟ್ಟುಬಿಟ್ಯಾ ಅವರನ್ನ?” ಎಂದ ಡ್ರೈವರ್. “ಅವರು ಹೇಳಿದ್ದು ನಿಜ. ನೀನು ಒಂದನ್ನೂ ಬಿಡಲ್ಲ.”

“ಅಕ್ಕ ಕಾಣ್ತಿಲ್ಲ ಅಂದ್ರೆ ನಾಳೆ ಬಾ ಅಂತಾರೆ. ಕಳ್ಳಿ ಓಡಿಹೋದ್ಲು ಅಂದ್ರೆ ಈಗಲೇ ಓಡ್ತಾರೆ. ಕಳ್ಳಿ ಅಂತಾದ್ರೂ ಹುಡುಕಲಿ. ಜೈಲಿಗೆ ಹೋದ್ರೆ ಡಬ್ಬಿ ನಾನೇ ತಗೊಂಡು ಹೋಗ್ತೀನಿ. ಜೀವ ಇರಲಿ ಮೊದಲು.”

ಡ್ರೈವರ್ ಕುರ್ಚಿ ಎಳೆದು ಅವಳ ಪಕ್ಕ ಕೂತ. ಅಧ್ಯಕ್ಷರು ಸಭೆಯ ಸೂಚನಾಪತ್ರವನ್ನು ಮಡಿಚುವುದು, ಬಿಡಿಸುವುದು ಮಾಡುತ್ತಿದ್ದರು. ಹೊರಗೆ ಚೌಕಟ್ಟಜ್ಜ ಏಣಿ ಮಡಿಚಿದ ಸದ್ದು ಕೇಳಿತು.

ಹದಿನೆಂಟು ನಿಮಿಷಕ್ಕೆ ಫೋನು ಬಂತು. ತಂಗಿ ಎಣಿಸುತ್ತಲೇ ಇದ್ದಳು. ಇನ್ಸ್‌ಪೆಕ್ಟರು ‘ಹೂಂ’ ಎಂದ, ಮತ್ತೆ ‘ಹೂಂ’ ಎಂದ, ‘ಎಷ್ಟೊತ್ತಿಗೆ?’ ಎಂದ. ಅವಳು ಎದ್ದು ನಿಂತಳು.

“ಸಿಕ್ಕಿದ್ಲಾ?”

“ಇಲ್ಲ. ಆದ್ರೆ ಸುಳಿವು ಸಿಕ್ತು. ಇವತ್ತು ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಎರಡು ಟಿಕೆಟ್ಟು. ಕೊನೆಯ ನಿಲ್ದಾಣಕ್ಕೆ. ಕೌಂಟರಿನಾಕೆ ಚೆನ್ನಾಗಿ ನೆನಪಿಟ್ಕೊಂಡಿದ್ದಾಳೆ, ಯಾಕಂದ್ರೆ ಆಕೆಗೆ ನಿಲ್ಲೋಕೂ ಆಗ್ತಿರಲಿಲ್ವಂತೆ. ಜೊತೆಲಿದ್ದ ಮುದುಕ ರಟ್ಟೆ ಹಿಡ್ಕೊಂಡು ಎತ್ತಿ ಹತ್ತಿಸಿದ್ನಂತೆ.”

“ಮುದುಕನಾ? ಯಾವ ಮುದುಕ?”

“ನಿಮ್ಮ ಮನೆಯವರೇ ಇರಬೇಕಲ್ಲ ಮೇಡಂ. ಆಕೆ ಅವನನ್ನ ‘ಅಪ್ಪ, ಅಪ್ಪ’ ಅಂತ ಕರೀತಿದ್ಲಂತೆ.”

ಅಪ್ಪ ಬದುಕಿದ್ದಾನೆ. ಅಕ್ಕ ನೋಡಲು ಹೋದದ್ದು ಅವನನ್ನು. ಆಶ್ಚರ್ಯ ಇದೆ ಎಂದು ಚಿಕ್ಕ ಹುಡುಗಿಯ ದನಿಯಲ್ಲಿ ಹೇಳಿದ್ದು ಇದನ್ನೇ. ನಲವತ್ತೈದು ವರ್ಷದ ಸಿಟ್ಟು ಒಂದು ಗಳಿಗೆ ಎಲ್ಲಿ ಹೋಯಿತೋ, ಅಕ್ಕ ಒಬ್ಬಳೇ ಇಲ್ಲವಲ್ಲ ಎಂಬ ಸಮಾಧಾನವೇ ಮೊದಲು ಬಂತು. ಅವಳು ಡ್ರೈವರಿನ ತೋಳು ಹಿಡಿದುಕೊಂಡು ತಿರುಗಿದಳು.

ಅವನ ಮುಖದಲ್ಲಿ ರಕ್ತವಿರಲಿಲ್ಲ.

“ಅದು ಅಪ್ಪ ಅಲ್ಲ,” ಎಂದ.

“ಏನು ಹೇಳ್ತಿದ್ದೀಯ?”

“ಅಪ್ಪನನ್ನ ನಾನೇ ಮಣ್ಣು ಮಾಡಿ ಹನ್ನೊಂದು ವರ್ಷ ಆಯ್ತು ಚಿಕ್ಕಕ್ಕ. ದೊಡ್ಡಕ್ಕ ಮೊದಲ ದಿನವೇ ಕೇಳಿದ್ರು, ಬದುಕಿದ್ದಾನಾ ಅಂತ. ಅಷ್ಟು ಆಸೆಯಿಂದ ಕೇಳಿದ್ರು. ನನಗೆ ಬಾಯಿ ಬರಲಿಲ್ಲ. ಬದುಕಿದ್ದಾರೆ, ಎಲ್ಲೋ ಇದ್ದಾರೆ ಅಂದುಬಿಟ್ಟೆ. ಅದನ್ನೇ ನಂಬಿ ಹುಡುಕಿದ್ದಾರೆ, ಯಾರೋ ‘ನಾನೇ ನಿನ್ನ ಅಪ್ಪ’ ಅಂತ ಬಂದಿದ್ದಾನೆ.”